ಕಾರ್ಬನ್ ಪ್ರತಿ

ಜೂನ್ ೪

ಅಣ್ಣನಿಗೆ,

ಫೋನು ಮಾಡಿದರೆ ಮೂರನೇ ನಿಮಿಷಕ್ಕೆ ನಮ್ಮಿಬ್ಬರಿಗೂ ಜಗಳ ಹತ್ತಿಕೊಳ್ಳುತ್ತದೆ, ನಾಲ್ಕನೇ ನಿಮಿಷಕ್ಕೆ ಯಾರಾದರೊಬ್ಬರು ಫೋನು ಕುಕ್ಕುತ್ತೇವೆ. ಅದಕ್ಕೇ ಬರೆಯುತ್ತಿದ್ದೇನೆ. ಪತ್ರವನ್ನು ನೀನು ಎಷ್ಟು ಜೋರಾಗಿ ಕುಕ್ಕಿದರೂ ನನಗೆ ಸದ್ದು ಕೇಳಿಸುವುದಿಲ್ಲ.

ವಿಷಯ ಇಷ್ಟೇ. ಪುಟ್ಟಿಯನ್ನು ನನ್ನ ಹತ್ತಿರ ಕಳಿಸು.

ಹುಬ್ಬು ಗಂಟಿಕ್ಕಬೇಡ, ಪೂರ್ತಿ ಓದು. ಎರಡು ವರ್ಷದ ಹಿಂದೆ ಪುಟ್ಟಿಯ ಅಮ್ಮ, ನಮ್ಮ ಚಿಕ್ಕವಳು, ತೀರಿಕೊಂಡಾಗ ಮಗುವಿನ ಅಪ್ಪ ಬೇರೆ ಸಂಸಾರ ಕಟ್ಟಿಕೊಂಡು ಆಗಲೇ ಕೈ ತೊಳೆದುಕೊಂಡಿದ್ದ. ಮಗು ಯಾರ ಹತ್ತಿರ ಇರಬೇಕು ಅಂತ ನಮ್ಮ ದೊಡ್ಡವರೆಲ್ಲ ಕೂತು ಮಾತಾಡಿದ್ದು ಐದೇ ನಿಮಿಷ. "ಗಡಿಯಾರದ ಹತ್ರ ಇರ್ಲಿ. ಗಾಳಿಪಟದ ಕೈಗೆ ಮಗೂನ ಕೊಡೋಕಾಗುತ್ತಾ?" ಅಂದರು ಚಿಕ್ಕಪ್ಪ. ಗಡಿಯಾರ ನೀನು, ಗಾಳಿಪಟ ನಾನು. ಸಾವಿನ ಮನೆಯಲ್ಲೂ ನಾಲ್ಕು ಜನ ನಕ್ಕರು. ನಾನೂ ನಕ್ಕೆ. ಆಮೇಲೆ ಬಸ್ಸಿನಲ್ಲಿ ಅತ್ತೆ, ಅದನ್ನು ಯಾರಿಗೂ ಹೇಳಿಲ್ಲ.

ನನಗೀಗ ನಲವತ್ತೇಳು. ಆಸ್ಪತ್ರೆಯವರು ಈ ತಿಂಗಳು ಎರಡು ಕೋಣೆಯ ಮನೆ ಕೊಟ್ಟಿದ್ದಾರೆ. ಶಾಲೆ ರಸ್ತೆಯ ಆಚೆ ಬದಿ, ಕಿಟಕಿಯಲ್ಲಿ ನಿಂತರೆ ಗೇಟು ಕಾಣುತ್ತದೆ. ಆಪರೇಷನ್ನಿನ ಕತ್ತರಿ, ಚಿಮಟ, ಕ್ಲಾಂಪುಗಳನ್ನೆಲ್ಲ ತೊಳೆದು, ಕುದಿಸಿ, ಎಣಿಸಿ, ಕಟ್ಟಿ ಕೊಡುವ ಕೋಣೆಗೆ ನಾನೇ ಮುಖ್ಯಸ್ಥೆ ಅನ್ನುವುದು ನಿನಗೆ ಗೊತ್ತು, ಆದರೆ ನಂಬಿಕೆಯಿಲ್ಲ. ದಿನಕ್ಕೆ ಸಾವಿರ ಸಾಮಾನು ಎಣಿಸುತ್ತೇನೆ. ಹತ್ತು ವರ್ಷದಿಂದ ಒಂದೂ ತಪ್ಪಿಲ್ಲ. ಮನೆಗೆ ಬಂದರೆ ಎಣಿಸುವುದಕ್ಕೆ ಒಂದೇ ಚಮಚ, ಒಂದೇ ಲೋಟ.

ರಜೆ ಮುಗಿಯುವ ಮೊದಲು ಯೋಚಿಸು. ಅತ್ತಿಗೆಗೂ ಓದಿ ಹೇಳು.

ತಂಗಿ


ಜೂನ್ ೧೯

ತಂಗಿಗೆ,

ನಿನ್ನ ಪತ್ರ ತಲುಪಿತು. ಸಾಧ್ಯವಿಲ್ಲ. ಕಾರಣಗಳನ್ನು ಬರೆಯುತ್ತಿದ್ದೇನೆ.

ಒಂದು, ಮಗುವನ್ನು ಎರಡು ವರ್ಷಕ್ಕೊಮ್ಮೆ ಊರು ಬದಲಿಸಿ ಬೆಳೆಸಬಾರದು. ಎರಡು, ನಿನಗೆ ಹನ್ನೊಂದು, ಚಿಕ್ಕವಳಿಗೆ ಆರು ವರ್ಷವಿದ್ದಾಗ ಅವಳನ್ನು ಗ್ರಂಥಾಲಯದ ಮೆಟ್ಟಿಲ ಮೇಲೆ ಕೂರಿಸಿ, ಈಗ ಬಂದೆ ಎಂದು ಹೇಳಿ, ಗೆಳತಿಯ ಸೈಕಲ್ಲಿನ ಹಿಂದೆ ಹತ್ತಿಕೊಂಡು ಹೋದವಳು ನೀನು. ಮರೆತೇಬಿಟ್ಟೆ. ಸಂಜೆ ಅವಳನ್ನು ಹುಡುಕಿ ತಂದವನು ನಾನು. ಇಪ್ಪತ್ತಮೂರನೇ ವಯಸ್ಸಿನಲ್ಲಿ ಅಮ್ಮನ ಔಷಧಿ ತರಲು ಹೋಗಿ ಸಿನಿಮಾ ನೋಡಿ ಬಂದೆ. ಮೂರು, ಮನುಷ್ಯನ ಸ್ವಭಾವ ಬದಲಾಗುವುದಿಲ್ಲ. ಬಸ್ ಡಿಪೋದಲ್ಲಿ ಇಪ್ಪತ್ತೆಂಟು ವರ್ಷ ಡ್ರೈವರುಗಳಿಗೆ ಡ್ಯೂಟಿ ಹಾಕಿದ್ದೇನೆ. ಮೊದಲ ವಾರ ತಡವಾಗಿ ಬಂದವನು ನಿವೃತ್ತಿಯ ದಿನವೂ ತಡವಾಗಿಯೇ ಬರುತ್ತಾನೆ. ಎಣಿಸುವುದು ನಿನ್ನ ಕೆಲಸ, ಅದು ನಿನ್ನ ಗುಣವಲ್ಲ.

ಪುಟ್ಟಿ ಚೆನ್ನಾಗಿದ್ದಾಳೆ. ಹತ್ತು ವರ್ಷಕ್ಕೆ ಅವಳಷ್ಟು ಜವಾಬ್ದಾರಿಯುಳ್ಳ ಮಗುವನ್ನು ನಾನು ನೋಡಿಲ್ಲ. ಮಲಗುವ ಮೊದಲು ಗ್ಯಾಸು, ನಲ್ಲಿ, ಬೀಗ ಮೂರನ್ನೂ ನೋಡಿ ಬರುತ್ತಾಳೆ. ನಾಳೆಯ ಕೆಲಸಗಳನ್ನು ಚೀಟಿಯಲ್ಲಿ ಬರೆದಿಡುತ್ತಾಳೆ. ನನ್ನ ಹಾಗೆಯೇ. ನಿನ್ನ ಅತ್ತಿಗೆ ತಾಯಿಯ ಸೊಂಟದ ಮೂಳೆ ಮುರಿದಿದ್ದರಿಂದ ತವರಿಗೆ ಹೋಗಿದ್ದಾಳೆ, ಬರುತ್ತಾಳೆ.

ಎಂದಿನಂತೆ ಈ ಪತ್ರದ ಕಾರ್ಬನ್ ಪ್ರತಿ ನನ್ನ ಫೈಲಿನಲ್ಲಿದೆ. ಮುಂದೆ ಮಾತು ತಿರುಚುವ ಅವಕಾಶ ಬೇಡ.

ಅಣ್ಣ


ಜುಲೈ ೨

ಅಣ್ಣ,

ತಂಗಿಗೆ ಬರೆಯುವ ಪತ್ರವನ್ನೂ ಟೈಪ್‌ರೈಟರಿನಲ್ಲಿ ಹೊಡೆದು ಪ್ರತಿ ಇಟ್ಟುಕೊಳ್ಳುವವನು ನೀನೊಬ್ಬನೇ. ಡಿಪೋದವರು ಗುಜರಿಗೆ ಹಾಕಿದ ಆ ಯಂತ್ರವನ್ನು ನೀನು ಮನೆಗೆ ತಂದ ದಿನವೇ ಅತ್ತಿಗೆ ತಲೆ ಚಚ್ಚಿಕೊಂಡಿದ್ದರು.

ಗ್ರಂಥಾಲಯದ ಮೆಟ್ಟಿಲು ನಿಜ. ಔಷಧಿಯೂ ನಿಜ. ಇನ್ನೂ ಒಂದು ಹೇಳುತ್ತೇನೆ, ಇದು ನಿನ್ನ ಫೈಲಿನಲ್ಲಿಲ್ಲ. ನನಗೆ ಮೂವತ್ತೊಂದು ವರ್ಷ. ಒಂದು ಟ್ರೇ ಕಟ್ಟುವಾಗ ಕ್ಲಾಂಪು ಎಣಿಸದೆ, ಯಾವಾಗಲೂ ಹನ್ನೆರಡೇ ತಾನೇ ಅಂತ ಹನ್ನೆರಡು ಎಂದು ಚೀಟಿಯಲ್ಲಿ ಬರೆದೆ. ಇದ್ದದ್ದು ಹನ್ನೊಂದು. ಒಂದು ಬೇಸಿನ್ನಿನ ತಳದಲ್ಲೇ ಉಳಿದಿತ್ತು. ಆಪರೇಷನ್ ಮುಗಿದು ಎಣಿಸಿದರೆ ಹನ್ನೊಂದೇ ಬಂತು. ಡಾಕ್ಟರು ಒಳಗೇ ಬಿಟ್ಟೆವೇನೋ ಅಂತ ನಲವತ್ತು ನಿಮಿಷ ಆ ಹೆಂಗಸಿನ ಹೊಟ್ಟೆಯಲ್ಲಿ ಹುಡುಕಿದರು. ಇಲ್ಲದ ಕ್ಲಾಂಪನ್ನು! ನಾನು ಬೇಸಿನ್ ಬಗ್ಗಿಸಿದಾಗ ಅದು ಠಣ್ ಅಂತ ಬಿತ್ತು. ಹೆಂಗಸು ಬದುಕಿದಳು. ಆಮೇಲೆ ನನ್ನನ್ನು ಯಾರೂ ಬೈಯಲೂ ಇಲ್ಲ, ಸುಸ್ತಾಗಿದ್ದರು.

ಅವತ್ತೇ ಬದಲಾದೆ ಅಂತ ಬರೆದರೆ ಚೆನ್ನಾಗಿರುತ್ತಿತ್ತು. ಆಗಲಿಲ್ಲ. ಮುಂದಿನ ವಾರವೇ ಕೋಣೆಗೆ ಬೀಗ ಹಾಕುವುದನ್ನು ಮರೆತೆ. ಐದಾರು ವರ್ಷ ಹಿಡಿಯಿತು. ಒಂದು ದಿನ ಹೊಸ ಹುಡುಗಿಯೊಬ್ಬಳು ಇನ್ನೊಬ್ಬಳಿಗೆ ಪಿಸುಗುಟ್ಟಿದಳು, "ಮೇಡಂ ತುಂಬಾ ಸ್ಟ್ರಿಕ್ಟು ಕಣೇ, ನಗೋದೇ ಇಲ್ಲ." ಯಾರ ಬಗ್ಗೆ ಅಂತ ತಿರುಗಿ ನೋಡಿದೆ. ನನ್ನ ಬಗ್ಗೆ. ನನಗೆ ಖುಷಿಯಾಗಬೇಕಿತ್ತು, ಆಗಲಿಲ್ಲ ಅಣ್ಣ. ಸೈಕಲ್ಲಿನ ಹಿಂದೆ ಹತ್ತಿಕೊಂಡು ಹೋದ ಆ ಹುಡುಗಿ ಎಲ್ಲಿ ಹೋದಳೋ ಗೊತ್ತಿಲ್ಲ. ನೀನು ಇನ್ನೂ ಅವಳಿಗೇ ಪತ್ರ ಬರೆಯುತ್ತಿದ್ದೀಯ.

ಒಂದು ಪ್ರಶ್ನೆ. ಹತ್ತು ವರ್ಷದ ಮಗು ಮಲಗುವ ಮೊದಲು ಗ್ಯಾಸು ಯಾಕೆ ನೋಡಬೇಕು? ನೀನು ಅವಳಿಗೂ ಕೀಲಿ ಕೊಟ್ಟು ಇನ್ನೊಂದು ಗಡಿಯಾರ ಮಾಡುತ್ತಿದ್ದೀಯ. ಅದನ್ನು ಹೆಮ್ಮೆಯಿಂದ ಬೇರೆ ಬರೆಯುತ್ತೀಯ. ಓದಿ ನನಗೆ ಸಿಟ್ಟು ಬಂತು.

ತಂಗಿ


ಆಗಸ್ಟ್ ೫

ಅಣ್ಣ,

ಐದು ವಾರವಾಯಿತು. ಮುಖ ಊದಿಸಿಕೊಂಡಿದ್ದೀಯ ಅಂತ ಗೊತ್ತು. ಫೋನು ಮಾಡಿದರೆ ಪುಟ್ಟಿ ಎತ್ತುತ್ತಾಳೆ. "ಮಾವ ಡ್ಯೂಟಿಗೆ ಹೋಗಿದಾರೆ ದೊಡ್ಡಮ್ಮ." ಭಾನುವಾರವೂ ಡ್ಯೂಟಿ, ಬೆಳಿಗ್ಗೆ ಏಳಕ್ಕೂ ಡ್ಯೂಟಿ. ನನ್ನ ಧ್ವನಿ ಕೇಳುವುದಕ್ಕೂ ನಿನಗೆ ಬೇಜಾರಾದರೆ ನೇರ ಹೇಳು, ಮಗುವಿನ ಬಾಯಲ್ಲಿ ಸುಳ್ಳು ಆಡಿಸಬೇಡ.

ಎರಡು ಸಾಲು ಬರೆ. ಇಲ್ಲವಾದರೆ ನಾನೇ ಹೊರಟು ಬರುತ್ತೇನೆ.

ತಂಗಿ


ಆಗಸ್ಟ್ ೧೬

ತಂಗಿಗೆ,

ನಿನ್ನ ಪತ್ರ ತಲುಪಿತು. ನಾವೆಲ್ಲ ಕ್ಷೇಮ. ಕೆಲಸದ ಒತ್ತಡದಿಂದ ಉತ್ತರ ತಡವಾಯಿತು.

ಪುಟ್ಟಿ ಐದನೇ ತರಗತಿಯಲ್ಲಿ ಚೆನ್ನಾಗಿ ಓದುತ್ತಿದ್ದಾಳೆ. ಗಣಿತದಲ್ಲಿ ಮುಂದಿದ್ದಾಳೆ. ಡಿಪೋದಲ್ಲಿ ಹೊಸ ಡ್ಯೂಟಿ ಪಟ್ಟಿಯ ಕೆಲಸ ನಡೆಯುತ್ತಿದೆ, ಮೂರು ಮಾರ್ಗಗಳು ಹೆಚ್ಚಾಗಿವೆ. ಅಡುಗೆಮನೆಯ ಕಿಟಕಿಗೆ ಗಾಜು ಹಾಕಿಸಿದೆವು. ನಿನ್ನ ಅತ್ತಿಗೆ ಹೊಲಿಗೆ ಯಂತ್ರಕ್ಕೆ ಹೊಸ ಬೆಲ್ಟು ಹಾಕಿಸಿ ದಿನವೂ ಕೂರುತ್ತಿದ್ದಾಳೆ.

ನಿನ್ನ ಕೆಮ್ಮು ಈಗ ಹೇಗಿದೆ? ಬಿಸಿನೀರು ಕುಡಿ. ಇಲ್ಲಿಯ ಬಗ್ಗೆ ಚಿಂತೆ ಬೇಡ, ಬರುವ ಅಗತ್ಯವಿಲ್ಲ.

ಅಣ್ಣ


ಆಗಸ್ಟ್ ೨೮

ಅಣ್ಣ,

ನನಗೆ ಕೆಮ್ಮು ಬಂದದ್ದು ಹೋದ ವರ್ಷ. ಈ ವರ್ಷ ಒಂದು ಸಲವೂ ಕೆಮ್ಮಿಲ್ಲ.

ಗಾಳಿಪಟ ಈಗ ಪತ್ರಗಳನ್ನು ಇಟ್ಟುಕೊಳ್ಳುತ್ತದೆ ಅಂತ ನಿನಗೆ ಗೊತ್ತಿರಲಿಲ್ಲ ಅಲ್ಲವೇ? ಡಬ್ಬಿ ತೆಗೆದು ಹೋದ ಆಗಸ್ಟಿನ ನಿನ್ನ ಪತ್ರ ಹುಡುಕಿದೆ. ಎರಡನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು, ಟ್ರೇ ಎಣಿಸುವ ಹಾಗೆ ಒಂದೊಂದೇ ಪದಕ್ಕೆ ಬೆರಳಿಟ್ಟು ನೋಡಿದೆ. ಅದೇ ಪತ್ರ. ಅದೇ ಮೂರು ಮಾರ್ಗ, ಅದೇ ಕಿಟಕಿಯ ಗಾಜು. ಒಂದೇ ಕಿಟಕಿಗೆ ವರ್ಷಕ್ಕೊಂದು ಗಾಜು ಹಾಕಿಸುತ್ತೀಯಾ? ಅತ್ತಿಗೆ ತವರಿನಲ್ಲಿದ್ದಾರೆ ಅಂತ ನೀನೇ ಜೂನಿನಲ್ಲಿ ಬರೆದೆ, ಈಗ ನೋಡಿದರೆ ಹೊಲಿಗೆ ಯಂತ್ರದ ಮುಂದೆ ಕೂತಿದ್ದಾರೆ. ನಾಲ್ಕನೇ ತರಗತಿ ಐದಾಗಿದೆ, ಗಣಿತದಲ್ಲಿ ಹಿಂದಿದ್ದವಳು ಮುಂದಿದ್ದಾಳೆ, ಕೊನೆಗೆ "ಬರುವ ಅಗತ್ಯವಿಲ್ಲ" ಸೇರಿದೆ. ನನಗಾಗಿ ನೀನು ಪಟ್ಟ ಕಷ್ಟ ಇಷ್ಟು.

ಮೊದಲು ನಕ್ಕೆ. ಕೋಣೆಯ ಹುಡುಗಿಯರಿಗೂ ಹೇಳಿ ನಗಿಸಿದೆ. ಮನೆಗೆ ಬಂದ ಮೇಲೆ ನಗು ನಿಂತುಹೋಯಿತು. ಹುಟ್ಟಿದ ಮೂವರಲ್ಲಿ ಉಳಿದವರು ಇಬ್ಬರು. ಅದರಲ್ಲಿ ಒಬ್ಬಳಿಗೆ ಹೊಸದಾಗಿ ನಾಲ್ಕು ಸಾಲು ಬರೆಯಲಾರದಷ್ಟು ಯಂತ್ರವಾಗಿಬಿಟ್ಟೆಯಾ ನೀನು? ಜಗಳವಾಡು, ಬೈಯಿ, ಗ್ರಂಥಾಲಯದ ಮೆಟ್ಟಿಲನ್ನು ಇನ್ನೊಂದು ಸಲ ನನ್ನ ತಲೆ ಮೇಲೆ ಹಾಕು. ಅದನ್ನು ಬಿಟ್ಟು ಹಳೆಯ ಕಾಗದ ಕಳಿಸಿ ನನ್ನ ಬಾಯಿ ಮುಚ್ಚಿಸಬೇಡ.

ಅಕ್ಟೋಬರಿನಲ್ಲಿ ರಜೆ ಹಾಕುತ್ತಿದ್ದೇನೆ. ಪುಟ್ಟಿಯ ವಿಷಯ ಮುಖಾಮುಖಿ ಮಾತಾಡೋಣ.

ತಂಗಿ


ಸೆಪ್ಟೆಂಬರ್ ೯

ತಂಗಿ,

ಕೈಯಲ್ಲೇ ಬರೆಯುತ್ತಿದ್ದೇನೆ. ಅಕ್ಷರ ಕೆಟ್ಟಿದೆ, ಹೊಂದಿಸಿಕೊಂಡು ಓದು.

ಆಗಸ್ಟಿನ ಪತ್ರ ನಾನು ಬರೆದದ್ದಲ್ಲ. ನಿನ್ನ ಜುಲೈ, ಆಗಸ್ಟಿನ ಪತ್ರಗಳನ್ನೂ ನಾನು ಒಡೆದಿರಲಿಲ್ಲ. ಮೇಜಿನ ಮೇಲೆ ಬಿದ್ದಿದ್ದವು. ಈ ಸಲದ್ದನ್ನು ಯಾಕೋ ಒಡೆದೆ. ಹೋದ ವರ್ಷದ ಪತ್ರ ಕಳಿಸಿದೆ ಎಂದು ನೀನು ಬೈದಿದ್ದೀಯ, ನನಗೆ ತಲೆಬುಡ ತಿಳಿಯಲಿಲ್ಲ. ಫೈಲು ತೆಗೆದೆ. ಹೋದ ಆಗಸ್ಟಿನ ಪ್ರತಿಯ ಮೂಲೆಯಲ್ಲಿ ಪೆನ್ಸಿಲಿನಿಂದ ಸಣ್ಣದಾಗಿ ಸರಿ ಗುರುತು ಹಾಕಿತ್ತು.

ಪುಟ್ಟಿಯನ್ನು ಕರೆದು ಕೇಳಿದೆ. ಅಳಲಿಲ್ಲ. ತಪ್ಪು ಒಪ್ಪಿಸುವ ಗುಮಾಸ್ತನ ಹಾಗೆ ನೇರವಾಗಿ ನಿಂತು ಹೇಳಿದಳು.

"ದೊಡ್ಡಮ್ಮ ಪತ್ರದ ಮೇಲೆ ಪತ್ರ ಹಾಕಿದ್ರು ಮಾವ. ನೀವು ಬರೀಲೇ ಇಲ್ಲ."

"ಅದಕ್ಕೆ?"

"ಬರೀದೇ ಇದ್ರೆ ಅವರು ಬಂದುಬಿಡ್ತಾರಲ್ಲ. ಬಂದ್ರೆ ನಿಮ್ಮನ್ನ ನೋಡಿಬಿಡ್ತಾರೆ."

"ನೋಡಿದ್ರೆ ಏನೇ?"

ನನ್ನ ಅಂಗಿಯ ಕಡೆ ನೋಡಿದಳು. ನಾಲ್ಕು ದಿನದಿಂದ ಅದೇ ಅಂಗಿ ಹಾಕಿಕೊಂಡಿದ್ದೆ.

ರುಜು ಹೇಗೆ ಮಾಡಿದೆ ಎಂದು ಕೇಳಿದೆ. ಶಾಲೆಯ ಡೈರಿ ತಂದು ತೋರಿಸಿದಳು. ಪೋಷಕರ ರುಜು ಇರಬೇಕಾದ ಜಾಗದಲ್ಲೆಲ್ಲ ನನ್ನ ರುಜು ಇದೆ. ಜುಲೈನಿಂದ ಒಂದೂ ನನ್ನದಲ್ಲ. ಗಣಿತದಲ್ಲಿ ಮುಂದೆ ಇಲ್ಲ, ಇನ್ನೂ ಹಿಂದೆಯೇ. ಅದನ್ನು ಮಾತ್ರ ಆಸೆಯಿಂದ ಬರೆದಿದ್ದಾಳೆ.

ನಿನಗೆ ಹೇಳದೆ ಉಳಿಸಿಕೊಂಡದ್ದನ್ನು ಈಗ ಹೇಳಿಬಿಡುತ್ತೇನೆ. ಏಪ್ರಿಲಿನಲ್ಲಿ ಡ್ಯೂಟಿ ಪಟ್ಟಿಯಲ್ಲಿ ಒಂದೇ ಬಸ್ಸಿಗೆ ಇಬ್ಬರು ಡ್ರೈವರುಗಳನ್ನು ಹಾಕಿದೆ, ಮುಂಜಾನೆಯ ಎರಡು ಬಸ್ಸುಗಳಿಗೆ ಯಾರನ್ನೂ ಹಾಕಲಿಲ್ಲ. ಜನ ನಿಲ್ದಾಣದಲ್ಲಿ ಎರಡು ತಾಸು ನಿಂತರು. ಮುಂದಿನ ತಿಂಗಳು ಮತ್ತೆ ಹಾಗೇ ಆಯಿತು. ಈಗ ನನ್ನನ್ನು ಬಸ್ಸಿನಲ್ಲಿ ಜನ ಮರೆತುಹೋದ ಸಾಮಾನು ಇಡುವ ಕೋಣೆಗೆ ಹಾಕಿದ್ದಾರೆ. ಕೊಡೆಗಳು, ಊಟದ ಡಬ್ಬಿಗಳು, ಒಂದು ಹಲ್ಲಿನ ಸೆಟ್ಟು. ಯಾರೂ ಬರುವುದಿಲ್ಲ. ಕುರ್ಚಿಯಲ್ಲಿ ಕೂತಿರುತ್ತೇನೆ. ಡಾಕ್ಟರು ರಕ್ತ, ಸಕ್ಕರೆ, ತಲೆಯ ಚಿತ್ರ ಎಲ್ಲ ನೋಡಿ ಏನೂ ಕಾಯಿಲೆಯಿಲ್ಲ ಎಂದರು. ಇನ್ನೊಬ್ಬ ಡಾಕ್ಟರಿಗೆ ಚೀಟಿ ಬರೆದುಕೊಟ್ಟಿದ್ದಾರೆ. ಹೋಗಿಲ್ಲ. ನಿನ್ನ ಅತ್ತಿಗೆಯ ತಾಯಿ ಎದ್ದು ಓಡಾಡಲು ಶುರುಮಾಡಿ ಒಂದೂವರೆ ತಿಂಗಳಾಯಿತು. ಅವಳು ಬಂದಿಲ್ಲ. "ಗೋಡೆ ಜೊತೆ ಎಷ್ಟು ದಿನ ಅಂತ ಮಾತಾಡ್ಲಿ?" ಎಂದು ಫೋನಿನಲ್ಲಿ ಕೇಳಿದಳು. ಅವಳ ತಪ್ಪಿಲ್ಲ. ಪುಟ್ಟಿಯನ್ನು ತನ್ನ ಜೊತೆ ಕರೆದಳು, ಪುಟ್ಟಿಯೇ ಹೋಗಲಿಲ್ಲ.

ಸ್ವಭಾವ ಬದಲಾಗುವುದಿಲ್ಲ ಎಂದು ನಿನಗೆ ದೊಡ್ಡದಾಗಿ ಬರೆದೆ. ಆ ಪತ್ರವನ್ನು ಟೈಪು ಮಾಡಲು ನನಗೆ ನಾಲ್ಕು ದಿನ ಹಿಡಿಯಿತು ಎಂದು ಬರೆಯಲಿಲ್ಲ.

ನಿಮಗೆಲ್ಲ ನಾನು ಹುಟ್ಟಿದಾಗಿನಿಂದ ಗಡಿಯಾರ. ನಿನಗೆ ನೆನಪಿರುವ ಅಣ್ಣ ಅವನೇ, ಯಾಕೆಂದರೆ ಆಗ ನಿನಗೆ ಐದು ವರ್ಷ. ಅದಕ್ಕೂ ಮೊದಲು ನಾನು ನೀರಿನ ತೊಟ್ಟಿಯ ಮೇಲೆ ಹತ್ತಿ ಕುಣಿಯುತ್ತಿದ್ದೆ. ವರ್ಷಕ್ಕೆ ಮೂರು ಜೊತೆ ಚಪ್ಪಲಿ ಕಳೆಯುತ್ತಿದ್ದೆ. ಅಮ್ಮ ನನ್ನ ಕಿವಿ ಹಿಂಡಿ ಹಿಂಡಿ ಕೈಸೋತಿದ್ದಳು. ನನಗೆ ಹತ್ತು ವರ್ಷವಾದಾಗ ಅಪ್ಪ ಒಂದು ಸೋಮವಾರ ಕೆಲಸಕ್ಕೆ ಹೋಗಲಿಲ್ಲ. ಮಂಗಳವಾರವೂ ಹೋಗಲಿಲ್ಲ. ಒಂದೂವರೆ ವರ್ಷ ಗೋಡೆಗೆ ಮುಖ ಮಾಡಿ ಮಲಗಿದ. ಅಮ್ಮನಿಗೆ ಕಾರ್ಖಾನೆಯಲ್ಲಿ ಎರಡು ಪಾಳಿ, ಚಿಕ್ಕವಳು ಕೈಕೂಸು. ಯಾರೂ ನನಗೆ ಹೀಗೆ ಮಾಡು ಎಂದು ಹೇಳಲಿಲ್ಲ. ಒಂದು ದಿನ ಸ್ಟೌ ಆರಿಸಿದೆಯೇ ಎಂದು ಎರಡನೇ ಸಲ ಹೋಗಿ ನೋಡಿದೆ. ಅಲ್ಲಿಂದ ನಲವತ್ತೆರಡು ವರ್ಷ ನೋಡುತ್ತಲೇ ಇದ್ದೆ. ಎಲ್ಲರೂ ಬೆನ್ನು ತಟ್ಟಿದರು. ಅದು ನನ್ನ ಗುಣ ಎಂದು ನಾನೂ ನಂಬಿದೆ. ಈಗ ಅದು ಮುಗಿದುಹೋಗಿದೆ ಅನ್ನಿಸುತ್ತದೆ. ಸಾಕಾಗಿದೆ ತಂಗಿ. ಬೇರೆ ಪದ ಸಿಗುತ್ತಿಲ್ಲ.

ಪುಟ್ಟಿ ಗ್ಯಾಸು ನೋಡುವುದನ್ನು ನಾನು ಹೆಮ್ಮೆಯಿಂದ ಬರೆದೆ. ನಾನು ಅವಳಿಗೆ ಏನೂ ಕಲಿಸಲಿಲ್ಲ. ಎರಡು ಸಲ ನಾನೇ ಗ್ಯಾಸು ಆರಿಸುವುದನ್ನು ಮರೆತಿದ್ದೆ, ಅದಕ್ಕೆ ನೋಡುತ್ತಾಳೆ. ಅವಳಿಗೂ ಈಗ ಹತ್ತು.

ಅಕ್ಟೋಬರಿನವರೆಗೆ ಕಾಯಬೇಡ. ಬಂದು ಕರೆದುಕೊಂಡು ಹೋಗು.

ಅಣ್ಣ


ಸೆಪ್ಟೆಂಬರ್ ೧೫

ಅಣ್ಣ,

ಶನಿವಾರದ ಬಸ್ಸಿಗೆ ಹೊರಟಿದ್ದೇನೆ. ಈ ಪತ್ರ ನನಗಿಂತ ಮೊದಲು ತಲುಪುತ್ತದೋ ಇಲ್ಲವೋ.

ಯಂತ್ರ ಅಂತ ಬರೆದುಬಿಟ್ಟೆ. ಬರೆದದ್ದನ್ನು ಈಗ ತಿನ್ನಲಾಗುವುದಿಲ್ಲ. ಸಾವಿರ ಸಾಮಾನು ಎಣಿಸುವವಳಿಗೆ ಹತ್ತು ವರ್ಷದ ಮಗು ಬರೆದ ಪತ್ರ ಅಂತ ಹೊಳೆಯಲಿಲ್ಲ. ಹೊಳೆಯುವುದು ಹಾಗಿರಲಿ, ನಾಲ್ಕು ಜನರನ್ನು ಕೂಡಿಸಿಕೊಂಡು ನಕ್ಕೆ.

ನೀನೂ ಬಾ ನಮ್ಮ ಜೊತೆ. ಬರುವುದಿಲ್ಲ ಅಂತ ಗೊತ್ತು. ಆದರೂ ಕೇಳುತ್ತಿದ್ದೇನೆ.

ತಂಗಿ


ನವೆಂಬರ್ ೧೨

ಅಣ್ಣ,

ಏಳು ವಾರವಾಯಿತು. ಚೆನ್ನಾಗಿದ್ದಾಳೆ ಅಂತ ಬರೆಯಬೇಕು ಅಂತಲೇ ಇಷ್ಟು ದಿನ ತಡೆದೆ. ಪೂರ್ತಿ ಚೆನ್ನಾಗಿಲ್ಲ.

ಮೊದಲ ವಾರ ನನ್ನ ಆಸ್ಪತ್ರೆಯ ಪಾಳಿಗಳನ್ನೆಲ್ಲ ಚೀಟಿಯಲ್ಲಿ ಬರೆದು ಬಾಗಿಲಿಗೆ ಅಂಟಿಸಿದಳು. ನಾನು ಮನೆಗೆ ಬರುವುದು ಹತ್ತು ನಿಮಿಷ ತಡವಾದರೆ ಗೇಟಿನಲ್ಲಿ ನಿಂತಿರುತ್ತಾಳೆ. ಶಾಲೆಯ ಡೈರಿಗೆ ರುಜು ಹಾಕಿಸಿಕೊಳ್ಳುವಾಗ ನನ್ನ ಕೈಯನ್ನೇ ನೋಡುತ್ತಾಳೆ. ನನ್ನ ರುಜುವನ್ನೂ ಕಲಿಯುತ್ತಿದ್ದಾಳೇನೋ ಅಂತ ಭಯವಾಗುತ್ತದೆ.

ಹೋದ ಮಂಗಳವಾರ ಮಾತ್ರ ಒಂದು ನಡೆಯಿತು. ಶಾಲೆ ಬಿಟ್ಟು ಮುಕ್ಕಾಲು ಗಂಟೆಯಾದರೂ ಬರಲಿಲ್ಲ. ರಸ್ತೆ ದಾಟಿ ಓಡಿದೆ. ಆಟದ ಮೈದಾನದ ಮೂಲೆಯಲ್ಲಿ ಇನ್ನೂ ಮೂವರ ಜೊತೆ ಕೆಸರಿನಲ್ಲಿ ಕಾಲುವೆ ತೋಡುತ್ತಿದ್ದಳು. ಮೊಣಕೈವರೆಗೆ ಕೆಸರು. ನನ್ನನ್ನು ನೋಡಿ ಮುಖ ಬಿಳುಚಿಕೊಂಡಿತು. "ದೊಡ್ಡಮ್ಮ, ಟೈಮು ಮರೆತೇಹೋಯ್ತು!" ಅಂದಳು. ಬೈಯಬೇಕು ಅಂತ ಬಾಯಿ ತೆರೆದವಳು, "ಇನ್ನೊಂದು ಹತ್ತು ನಿಮಿಷ ಆಡು" ಅಂದೆ. ಬೆಂಚಿನ ಮೇಲೆ ಕೂತೆ. ಸಮವಸ್ತ್ರದ ಕಲೆ ಎರಡು ಸಲ ಒಗೆದರೂ ಹೋಗಿಲ್ಲ. ಹೋಗದಿದ್ದರೂ ಪರವಾಗಿಲ್ಲ.

ಆದರೆ ಅವತ್ತು ಊಟಕ್ಕೆ ಕೂತಾಗ ಎರಡು ತುತ್ತು ತಿಂದು ಕೈ ನಿಲ್ಲಿಸಿದಳು.

"ದೊಡ್ಡಮ್ಮ, ಮಾವನ್ನ ಈಗ ಯಾರು ಎಬ್ಬಿಸ್ತಾರೆ?"

"ಯಾಕೇ, ಅವರೇ ಏಳಲ್ವಾ?"

"ಇಲ್ಲ. ನಾನು ಆರಕ್ಕೆ ಒಂದ್ಸಲ ಎಬ್ಬಿಸ್ತಿದ್ದೆ. ಆರೂವರೆಗೆ ಇನ್ನೊಂದ್ಸಲ. ಆಮೇಲೆ ಚಹಾ ಲೋಟ ಕೈಲಿ ಹಿಡಿಸಿ, ಅವರು ಎದ್ದು ಕೂರೋ ತನಕ ಅಲ್ಲೇ ನಿಂತಿರ್ತಿದ್ದೆ. ಇಲ್ದಿದ್ರೆ ಮತ್ತೆ ಮಲಗಿಬಿಡ್ತಾರೆ."

ಮಾವನನ್ನು ಕೇಳಿ ಹೇಳುತ್ತೇನೆ ಅಂದೆ. ಅವತ್ತಿನಿಂದ ದಿನಾ ಕೇಳುತ್ತಾಳೆ, ಬಂತಾ ಉತ್ತರ ಅಂತ. ಮೈದಾನಕ್ಕೆ ಮತ್ತೆ ಹೋಗಿಲ್ಲ. ಏನು ಹೇಳಲಿ?

ತಂಗಿ


ನವೆಂಬರ್ ೨೦

ತಂಗಿ,

ಯಾರೂ ಎಬ್ಬಿಸುವುದಿಲ್ಲ. ಒಂಬತ್ತಕ್ಕೆ ಏಳುತ್ತೇನೆ, ಕೆಲವು ದಿನ ಹತ್ತು. ಹೋದ ವಾರ ಎರಡು ದಿನ ಏಳಲೇ ಇಲ್ಲ. ಕೊಡೆ ಹುಡುಕಿಕೊಂಡು ಯಾರೂ ಬಂದಿರಲಿಲ್ಲವಂತೆ, ಹಾಗಾಗಿ ಡಿಪೋದಲ್ಲಿ ಗೊತ್ತಾಗಲಿಲ್ಲ. ನಿನ್ನ ಅತ್ತಿಗೆ ಭಾನುವಾರ ಬಂದು ಅರ್ಧ ದಿನ ಇದ್ದಳು. ಆ ಇನ್ನೊಬ್ಬ ಡಾಕ್ಟರ ಚೀಟಿ ಹುಡುಕಿ, ಬುಧವಾರ ತಾನೇ ಬಂದು ಕರೆದುಕೊಂಡು ಹೋಗುವುದಾಗಿ ಹೇಳಿದ್ದಾಳೆ. ಆಯಿತು ಎಂದಿದ್ದೇನೆ. ಇದಿಷ್ಟು ನಿನಗೆ.

ಪುಟ್ಟಿಗೆ ಇದ್ಯಾವುದೂ ಬೇಡ. ಮಾವ ಈಗ ಆರು ಗಂಟೆಗೆ ತಾನೇ ಏಳುತ್ತಾರೆ ಎಂದು ಹೇಳು. ಚಹಾ ಮಾಡಿಕೊಳ್ಳುತ್ತಾರೆ ಎಂದು ಹೇಳು. ನಾನು ಬರೆದರೆ ಅವಳು ನಂಬುವುದಿಲ್ಲ, ನನ್ನ ಪತ್ರ ಹೇಗೆ ತಯಾರಾಗುತ್ತದೆ ಎಂದು ಅವಳಿಗೆ ಗೊತ್ತು. ನೀನೇ ಬಾಯಲ್ಲಿ ಹೇಳಬೇಕು, ಅವಳ ಕಣ್ಣು ನೋಡಿಕೊಂಡು ಹೇಳಬೇಕು. ಚಿಕ್ಕಂದಿನಲ್ಲಿ ನೀನು ಒಂದು ರೆಪ್ಪೆಯೂ ಅಲುಗಿಸದೆ ಎಂಥೆಂಥ ಸುಳ್ಳು ಹೇಳುತ್ತಿದ್ದೆ! ಅಮ್ಮನೂ ನಂಬುತ್ತಿದ್ದಳು. ನಿನ್ನಲ್ಲಿ ಎಲ್ಲವೂ ಬದಲಾಗಿದೆ, ಒಪ್ಪುತ್ತೇನೆ. ಅದೊಂದು ಇನ್ನೂ ಉಳಿದಿದ್ದರೆ ಇವತ್ತೇ ಹೇಳಿ, ಅವಳನ್ನು ಆಡುವುದಕ್ಕೆ ಕಳಿಸು.

ಅಣ್ಣ